ತಪ್ಪಿದರೂ ನಡೆಯುವ ಗಾಡಿ, ತಪ್ಪಲೇಬಾರದ ಗಾಡಿ

ಮೊನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಅಮ್ಮ ಅಮೆರಿಕಕ್ಕೆ ಬರುವ ವಿಷಯ. ಅಮ್ಮ ಮೊದಲು ಫಿಲಡೆಲ್ಫಿಯಾದಲ್ಲಿ ನನ್ನ ಹತ್ತಿರ ಹತ್ತು ದಿನ ಇರುತ್ತಾಳೆ. ಆಮೇಲೆ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಅಕ್ಕನ ಮನೆ. ಅಲ್ಲಿಂದ ಬಾಲ್ಟಿಮೋರ್‌ನಲ್ಲಿರುವ ಅಣ್ಣನ ಮನೆ.

"ನೀನು ಒಬ್ಬಳೇ ಓಡಾಡೋ ಥರ ರೈಲಲ್ಲಿ ಅಮ್ಮನ್ನ ಕರ್ಕೊಂಡು ಬರಬೇಡ ಕಣೇ. ಮಂಡಿ ನೋವು ಬೇರೆ. ಭಾವ ಕಾರಲ್ಲಿ ಬಂದು ಕರ್ಕೊಂಡು ಬರ್ತಾರೆ" ಅಂದಳು.

"ಒಂದು ದಿನ ಟೈಮ್ ಕೊಡಕ್ಕ, ನಾನು ನೋಡಿ ಹೇಳ್ತೀನಿ" ಅಂದೆ.

ನೋಡುವುದು ಅಂದರೆ ನನ್ನ ಹಳೇ ನೋಟ್‌ಬುಕ್ ತೆಗೆಯುವುದು. ನಾಲ್ಕು ವರ್ಷದಿಂದ ನಾನು ಹೋದ ಬಂದ ರೈಲುಗಳ ಲೆಕ್ಕ ಅದರಲ್ಲಿದೆ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಲ್ಲಿ ಬದಲಾಯಿಸಿದೆ, ಎಷ್ಟು ನಿಮಿಷ ಸಿಕ್ಕಿತು, ಎಷ್ಟು ದುಡ್ಡಾಯಿತು, ಎಲ್ಲವೂ. ನನಗೆ ಕಾರಿಲ್ಲ. ಯೂನಿವರ್ಸಿಟಿ ಕೊಡುವ ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಓಡಾಟಕ್ಕೆ ಅಂತ ತಿಂಗಳಿಗೆ 100 ಡಾಲರ್ ತೆಗೆದಿಡುತ್ತೇನೆ. ಆ 100 ಡಾಲರಿನಲ್ಲಿ ಅಕ್ಕನನ್ನೂ ನೋಡಬೇಕು, ಅಣ್ಣನನ್ನೂ ನೋಡಬೇಕು. ಹಾಗಾಗಿ ರೈಲಿನ ಟೈಮ್‌ಟೇಬಲ್ ಓದುವುದನ್ನು ಕಲಿತೆ. ಈಗ ಅದು ನನಗೆ ಬಹಳ ಇಷ್ಟದ ಕೆಲಸ. ಹೊಸದಾಗಿ ಈ ಕಡೆ ಓದಲು ಬರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಿರುತ್ತಾರೆ. ಅವರಿಗೂ ಅನುಕೂಲವಾಗಲಿ ಅಂತ ಈ ಸಲ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ದಾರಿ ಹೇಗಿದೆ ಅಂತ ತಿಳಿಯಬೇಕು. ವಾಷಿಂಗ್ಟನ್‌ನಿಂದ ಬಾಸ್ಟನ್‌ವರೆಗೆ 457 ಮೈಲಿ ಉದ್ದದ ಒಂದು ಮುಖ್ಯ ರೈಲು ಮಾರ್ಗ ಇದೆ. ಅದಕ್ಕೆ ನಾರ್ತ್‌ಈಸ್ಟ್ ಕಾರಿಡಾರ್ ಅಂತ ಹೆಸರು. ಬಾಲ್ಟಿಮೋರ್, ವಿಲ್ಮಿಂಗ್ಟನ್, ಫಿಲಡೆಲ್ಫಿಯಾ, ಟ್ರೆಂಟನ್, ನ್ಯೂಆರ್ಕ್, ನ್ಯೂಯಾರ್ಕ್ ಎಲ್ಲ ಇದೇ ಹಳಿಯ ಮೇಲೆ ಸಾಲಾಗಿ ಬರುತ್ತವೆ. ಉದ್ದಕ್ಕೂ ಓಡುವುದು ಆಮ್‌ಟ್ರ್ಯಾಕ್ ರೈಲು. ಅದೇ ಹಳಿಯ ಮೇಲೆ ತುಂಡು ತುಂಡಾಗಿ ಲೋಕಲ್ ರೈಲುಗಳೂ ಓಡುತ್ತವೆ. ವಾಷಿಂಗ್ಟನ್, ಬಾಲ್ಟಿಮೋರ್ ಕಡೆ ಮಾರ್ಕ್. ಫಿಲಡೆಲ್ಫಿಯಾ ಸುತ್ತ ಸೆಪ್ಟಾ. ಟ್ರೆಂಟನ್‌ನಿಂದ ನ್ಯೂಯಾರ್ಕ್‌ವರೆಗೆ ಎನ್‌ಜೆ ಟ್ರಾನ್ಸಿಟ್. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ.

ಯಾಕೆ ಹೀಗೆ ತುಂಡಾಯಿತು ಅನ್ನುವುದು ಗೊತ್ತಿದ್ದರೆ ಎಲ್ಲಿ ಗಾಡಿ ಬದಲಾಯಿಸಬೇಕು ಅನ್ನುವುದು ತಾನಾಗಿ ನೆನಪಿರುತ್ತದೆ. ಒಂದು ಕಾಲದಲ್ಲಿ ವಾಷಿಂಗ್ಟನ್‌ನಿಂದ ನ್ಯೂಯಾರ್ಕ್‌ವರೆಗಿನ ಈ ಇಡೀ ಮಾರ್ಗ ಪೆನ್ಸಿಲ್ವೇನಿಯಾ ರೈಲ್‌ರೋಡ್ ಅನ್ನುವ ಒಂದೇ ಕಂಪನಿಯದಾಗಿತ್ತು. 1968ರಲ್ಲಿ ಅದು ಇನ್ನೊಂದು ಕಂಪನಿಯ ಜೊತೆ ಸೇರಿ ಪೆನ್ ಸೆಂಟ್ರಲ್ ಆಯಿತು. 1970ರಲ್ಲಿ ದಿವಾಳಿಯಾಯಿತು. 1971ರಲ್ಲಿ ದೂರದ ರೈಲುಗಳನ್ನು ಆಮ್‌ಟ್ರ್ಯಾಕ್ ವಹಿಸಿಕೊಂಡಿತು. ಲೋಕಲ್ ರೈಲುಗಳು ಕೆಲವು ವರ್ಷ ಕಾನ್‌ರೇಲ್ ಅನ್ನುವ ಇನ್ನೊಂದು ಕಂಪನಿಯ ಕೈಯಲ್ಲಿದ್ದು, 1983ರಲ್ಲಿ ಆಯಾ ರಾಜ್ಯದ ಸಂಸ್ಥೆಗಳಿಗೆ ಹೋದವು. ಡೆಲವೇರ್ ನದಿಯ ಈಚೆ ಪೆನ್ಸಿಲ್ವೇನಿಯಾ, ಆಚೆ ನ್ಯೂಜೆರ್ಸಿ. ಆದ್ದರಿಂದ ನದಿ ದಾಟಿದ ಕೂಡಲೇ ಸಿಗುವ ಟ್ರೆಂಟನ್‌ನಲ್ಲಿ ಸೆಪ್ಟಾ ಮುಗಿಯುತ್ತದೆ, ಎನ್‌ಜೆ ಟ್ರಾನ್ಸಿಟ್ ಶುರುವಾಗುತ್ತದೆ.

ಆ ಹಳೇ ಕಂಪನಿ ಇನ್ನೊಂದು ತೊಂದರೆಯನ್ನೂ ಬಿಟ್ಟುಹೋಗಿದೆ. ನ್ಯೂಯಾರ್ಕ್‌ನಲ್ಲಿ ಪೆನ್ ಸ್ಟೇಷನ್, ನ್ಯೂಆರ್ಕ್‌ನಲ್ಲಿ ಪೆನ್ ಸ್ಟೇಷನ್, ಬಾಲ್ಟಿಮೋರ್‌ನಲ್ಲೂ ಪೆನ್ ಸ್ಟೇಷನ್. ರೈಲಿನ ಗದ್ದಲದಲ್ಲಿ "ನ್ಯೂಯಾರ್ಕ್ ಪೆನ್" ಮತ್ತು "ನ್ಯೂಆರ್ಕ್ ಪೆನ್" ಒಂದೇ ಥರ ಕೇಳಿಸುತ್ತವೆ. ಸಾಲದ್ದಕ್ಕೆ ಡೆಲವೇರ್‌ನಲ್ಲೂ ಒಂದು ನ್ಯೂಆರ್ಕ್ ಇದೆ. ಅಲ್ಲಿಯ ಜನ "ನ್ಯೂ" ಮತ್ತು "ಆರ್ಕ್" ಎರಡನ್ನೂ ಬಿಡಿಸಿ ಹೇಳುತ್ತಾರೆ. ಟಿಕೆಟ್ ಕೊಳ್ಳುವಾಗ ಊರಿನ ಹೆಸರಿನ ಜೊತೆ ರಾಜ್ಯದ ಹೆಸರನ್ನೂ ನೋಡಿಕೊಳ್ಳಿ. ದಯವಿಟ್ಟು.

ಈಗ ದುಡ್ಡಿನ ವಿಷಯ. ಫಿಲಡೆಲ್ಫಿಯಾದಿಂದ ನ್ಯೂಯಾರ್ಕ್ ಸುಮಾರು 90 ಮೈಲಿ. ಆಮ್‌ಟ್ರ್ಯಾಕ್‌ನಲ್ಲಿ ಒಂದೂವರೆ ಗಂಟೆಯೊಳಗೆ ಹೋಗಬಹುದು. ಆದರೆ ಅದರ ದರ ವಿಮಾನದ ಥರ ಏರುತ್ತದೆ, ಇಳಿಯುತ್ತದೆ. ಮೊದಲೇ ಕೊಂಡರೆ 20 ಡಾಲರಿನ ಆಸುಪಾಸಿನಲ್ಲೂ ಸಿಗುತ್ತದೆ. ರಜೆಯ ಹಿಂದಿನ ದಿನ ಕೊಳ್ಳಲು ಹೋದರೆ ಅದೇ ಸೀಟು 100 ಡಾಲರ್ ದಾಟುವುದೂ ಉಂಟು. ಲೋಕಲ್ ಹಾಗಲ್ಲ. ಇವತ್ತು ಕೊಂಡರೂ ಅಷ್ಟೇ, ರೈಲು ಬರುವ ಐದು ನಿಮಿಷದ ಮುಂಚೆ ಕೊಂಡರೂ ಅಷ್ಟೇ. ಸೆಪ್ಟಾದಲ್ಲಿ ಟ್ರೆಂಟನ್‌ವರೆಗೆ ಹೋಗಿ, ಅಲ್ಲಿಂದ ಎನ್‌ಜೆ ಟ್ರಾನ್ಸಿಟ್ ಹತ್ತಿದರೆ ಎರಡೂ ಸೇರಿ 30 ಡಾಲರಿನ ಆಸುಪಾಸು. ಮೊದಲಿಗಿಂತ ಈಗ ಜಾಸ್ತಿಯೇ. ಎನ್‌ಜೆ ಟ್ರಾನ್ಸಿಟ್ 2024ರ ಜುಲೈಯಲ್ಲಿ ದರವನ್ನು ಶೇ. 15ರಷ್ಟು ಏರಿಸಿತು. ಆಮೇಲೆ ಪ್ರತಿ ಜುಲೈಗೆ ಶೇ. 3 ಏರಿಸುವುದಾಗಿಯೂ ಹೇಳಿತು. ಸೆಪ್ಟಾ ದರವೂ 2025ರಲ್ಲಿ ಏರಿತು. ಹಾಗಾಗಿ "ಲೋಕಲ್ ಯಾವಾಗಲೂ ಅಗ್ಗ" ಅನ್ನುವ ಮಾತು ಈಗ ಪೂರ್ತಿ ನಿಜವಲ್ಲ. ಮೂರು ವಾರ ಮೊದಲೇ ದಿನ ಗೊತ್ತಿದ್ದರೆ ಆಮ್‌ಟ್ರ್ಯಾಕ್ ಕೂಡ ಅಗ್ಗವಾಗಬಹುದು. ದಿನ ಗೊತ್ತಿಲ್ಲದಿದ್ದರೆ ಲೋಕಲ್ಲೇ ಗತಿ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ದರವನ್ನಲ್ಲ. ಎರಡು ಗಾಡಿಗಳ ನಡುವಿನ ಜಾಗವನ್ನು.

ನನ್ನ ಮೊದಲನೇ ವರ್ಷ. ಡಿಸೆಂಬರ್. ಲೋಕಲ್‌ನಲ್ಲಿ ಒಂದು ನಿಲ್ದಾಣಕ್ಕೆ ಬಂದು, ಅಲ್ಲಿಂದ ದೂರದ ರೈಲು ಹಿಡಿಯಬೇಕಿತ್ತು. ನಡುವೆ 9 ನಿಮಿಷ ಇತ್ತು. ಒಂದೇ ನಿಲ್ದಾಣ, ಒಂದು ಮೆಟ್ಟಿಲು ಹತ್ತಿ ಇಳಿದರೆ ಆಯಿತು, 9 ನಿಮಿಷ ಧಾರಾಳ ಅಂದುಕೊಂಡಿದ್ದೆ. ಲೋಕಲ್ ನಿಲ್ದಾಣಕ್ಕೆ ಅರ್ಧ ಮೈಲಿ ಇರುವಾಗ ನಿಂತಿತು. ಸಿಗ್ನಲ್ ಸಿಕ್ಕಿಲ್ಲ ಅಂತ ಹೇಳಿದರು. ಐದು ನಿಮಿಷ, ಹತ್ತು ನಿಮಿಷ, ಹದಿನಾಲ್ಕು ನಿಮಿಷ. ಪಕ್ಕದ ಹಳಿಯ ಮೇಲೆ ನನ್ನ ರೈಲು ಸರಿಯಾದ ಸಮಯಕ್ಕೆ ಹಾದುಹೋಯಿತು. ಕಿಟಕಿಯಿಂದ ಅದರ ದೀಪಗಳು ಒಂದೊಂದಾಗಿ ಹೋಗುವುದನ್ನು ನೋಡಿದೆ. ಆ ಟಿಕೆಟ್‌ನ ದುಡ್ಡು ಹೋಯಿತು. ಮುಂದಿನ ರೈಲಿನ ದರ ನನ್ನ ಇಡೀ ತಿಂಗಳ ಓಡಾಟದ ದುಡ್ಡಿಗಿಂತ ಹೆಚ್ಚಿತ್ತು. ನಾಲ್ಕು ಗಂಟೆ ಬೆಂಚಿನ ಮೇಲೆ ಕೂತು, ತಡರಾತ್ರಿಯ ರೈಲು ಹಿಡಿದೆ. ಅಣ್ಣ ರಾತ್ರಿ 1 ಗಂಟೆಗೆ ಸ್ಟೇಷನ್ನಿಗೆ ಬಂದು ಕಾಯುತ್ತಿದ್ದ. ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಸಂಕಟವಾಯಿತು.

ಆ ನಾಲ್ಕು ಗಂಟೆಯಲ್ಲಿ ಒಂದು ವಿಷಯ ಹೊಳೆಯಿತು. 9 ನಿಮಿಷ ಸಾಕೋ ಸಾಲದೋ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ತಪ್ಪಿದರೆ ಏನಾಗುತ್ತದೆ ಅಂತ ಕೇಳಬೇಕು.

ಲೋಕಲ್ ಟಿಕೆಟ್‌ಗೆ ನಿರ್ದಿಷ್ಟ ಗಾಡಿ ಅಂತ ಇಲ್ಲ. ಈ ಗಾಡಿ ತಪ್ಪಿದರೆ ಮುಂದಿನದು. ನಷ್ಟವಾಗುವುದು ಸಮಯ ಮಾತ್ರ. ದೂರದ ರೈಲಿನ ಟಿಕೆಟ್ ಒಂದು ದಿನದ ಒಂದು ಗಾಡಿಗೆ ಕಟ್ಟಿಹಾಕಿದ್ದು. ಅದು ತಪ್ಪಿದರೆ ಸಮಯದ ಜೊತೆ ದುಡ್ಡೂ ಹೋಗುತ್ತದೆ. ಎರಡೂ ಆಮ್‌ಟ್ರ್ಯಾಕ್ ಗಾಡಿಗಳೇ ಆಗಿದ್ದು, ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಅವರೇ ಮುಂದಿನ ಗಾಡಿಯಲ್ಲಿ ಕಳಿಸುತ್ತಾರೆ. ಲೋಕಲ್ ಬೇರೆ ಸಂಸ್ಥೆಯದು, ಟಿಕೆಟ್ ಬೇರೆ. ಲೋಕಲ್ ತಡವಾಗಿದ್ದಕ್ಕೆ ದೂರದ ರೈಲಿನವರು ಹೊಣೆಯಲ್ಲ. ಅವರಿಗೆ ನೀವು ಸುಮ್ನೆ ತಡವಾಗಿ ಬಂದ ಪ್ರಯಾಣಿಕ, ಅಷ್ಟೇ.

ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಎಲ್ಲ. ದೂರದ ರೈಲಿನಿಂದ ಇಳಿದು ಲೋಕಲ್ ಹತ್ತುವುದಾದರೆ ನಾನು ಐದಾರು ನಿಮಿಷ ಇದ್ದರೂ ಯೋಚನೆ ಮಾಡುವುದಿಲ್ಲ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಕೂತು ಏನಾದರೂ ಓದುತ್ತೇನೆ. ಲೋಕಲ್‌ನಿಂದ ಇಳಿದು ದೂರದ ರೈಲು ಹತ್ತುವುದಾದರೆ, ಸಮಯಕ್ಕೆ ಸರಿಯಾಗಿ ಮುಟ್ಟಿಸುವ ಲೋಕಲ್ ಯಾವುದು ಅಂತ ನೋಡಿ, ಅದಕ್ಕಿಂತ ಒಂದು ಗಾಡಿ ಮುಂಚಿನದನ್ನು ಹತ್ತುತ್ತೇನೆ. ಲೋಕಲ್ ಗಂಟೆಗೊಂದು ಇದ್ದರೆ ನಿಲ್ದಾಣದಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಬೇಕಾಗುತ್ತದೆ. ಕೂರುತ್ತೇನೆ. ಆ ಒಂದು ಗಂಟೆಗೆ ದುಡ್ಡು ಕೊಡಬೇಕಾಗಿಲ್ಲ. ಅದಕ್ಕಿಂತ ಅಗ್ಗದ ವಿಮೆ ಎಲ್ಲಿ ಸಿಗುತ್ತದೆ?

ಲೋಕಲ್‌ನಿಂದ ಲೋಕಲ್‌ಗೆ ಬದಲಾಯಿಸುವಾಗ ನೋಡಬೇಕಾದ್ದು ಬೇರೆ. ಎಷ್ಟು ನಿಮಿಷ ಸಿಗುತ್ತದೆ ಅನ್ನುವುದಕ್ಕಿಂತ, ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಅಂತ ನೋಡಿ. ಕೆಲಸದ ದಿನ ಬೆಳಿಗ್ಗೆ ಟ್ರೆಂಟನ್‌ನಿಂದ ನ್ಯೂಯಾರ್ಕ್ ಕಡೆಗೆ ಗಾಡಿಗಳು ಬೇಗ ಬೇಗ ಇರುತ್ತವೆ. ವಾರಾಂತ್ಯದಲ್ಲಿ, ರಾತ್ರಿ ಹೊತ್ತು ವಿರಳ. ದಿನದ ಕೊನೆಯ ಗಾಡಿಗೆ ಕನೆಕ್ಷನ್ ಇಟ್ಟುಕೊಳ್ಳಲೇಬೇಡಿ. ಕೊನೆಯದರ ಹಿಂದಿನದಕ್ಕೆ ಇಟ್ಟುಕೊಳ್ಳಿ. ಆಗ ಕೊನೆಯದು ನಿಮಗೆ ಆಸರೆಯಾಗಿ ಉಳಿಯುತ್ತದೆ.

ಇನ್ನು, ಎಲ್ಲಿ ಬದಲಾಯಿಸುವುದು? ದಕ್ಷಿಣದಿಂದ ಆಮ್‌ಟ್ರ್ಯಾಕ್‌ನಲ್ಲಿ ಬಂದು ನ್ಯೂಜೆರ್ಸಿಯ ಒಂದು ಊರಿಗೆ ಹೋಗಬೇಕಾದವರು ಸುಮಾರು ಜನ ನ್ಯೂಯಾರ್ಕ್‌ವರೆಗೆ ಹೋಗಿ ಅಲ್ಲಿಂದ ವಾಪಸ್ ಬರುತ್ತಾರೆ. ದೊಡ್ಡ ನಿಲ್ದಾಣದಲ್ಲಿ ಗಾಡಿ ಜಾಸ್ತಿ ಅನ್ನುವ ಧೈರ್ಯ. ನಾನು ಮಾತ್ರ ನ್ಯೂಯಾರ್ಕ್‌ಗೆ ಮುಂಚೆ ಸಿಗುವ ಹಡ್ಸನ್ ನದಿ ದಾಟುವ ಮೊದಲೇ ಇಳಿಯಿರಿ ಅನ್ನುತ್ತೇನೆ. ನದಿಯ ಕೆಳಗಿರುವ ಸುರಂಗ 1910ರಲ್ಲಿ ತೆರೆದದ್ದು. ಎರಡೇ ಕೊಳವೆ, ಒಂದೊಂದರಲ್ಲಿ ಒಂದೊಂದೇ ಹಳಿ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅದಕ್ಕೆ ಉಪ್ಪುನೀರು ನುಗ್ಗಿ ಹಾಳಾಗಿತ್ತು. ಅಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಎರಡೂ ದಿಕ್ಕಿನ ಎಲ್ಲ ಗಾಡಿಗಳಿಗೂ ಒಂದೇ ಹಳಿ ಉಳಿಯುತ್ತದೆ. ಸುರಂಗದ ಈಚೆಗೇ ನ್ಯೂಆರ್ಕ್ ಪೆನ್ ಇದೆ. ಆಮ್‌ಟ್ರ್ಯಾಕ್ ಗಾಡಿಗಳು, ಎನ್‌ಜೆ ಟ್ರಾನ್ಸಿಟ್ ಗಾಡಿಗಳು ಎರಡೂ ಅಲ್ಲಿ ನಿಲ್ಲುತ್ತವೆ. ನಿಲ್ದಾಣವೂ ಚಿಕ್ಕದು, ದಾರಿ ತಪ್ಪುವ ಭಯ ಕಡಿಮೆ. ನ್ಯೂಯಾರ್ಕ್ ಪೆನ್‌ನಲ್ಲಾದರೋ ಯಾವ ಪ್ಲಾಟ್‌ಫಾರ್ಮ್ ಅಂತ ಗಾಡಿ ಹೊರಡುವ ಸ್ವಲ್ಪ ಮುಂಚೆ ಬೋರ್ಡಿನಲ್ಲಿ ಹಾಕುತ್ತಾರೆ. ಆಮೇಲೆ ಎಲ್ಲರೂ ಒಂದೇ ಮೆಟ್ಟಿಲ ಕಡೆ ನುಗ್ಗುತ್ತಾರೆ. 2021ರಲ್ಲಿ ಆ ನಿಲ್ದಾಣದ ಹೊಸ ಭಾಗ ಮೊಯ್ನಿಹನ್ ಹಾಲ್ ತೆರೆದ ಮೇಲೆ ಕೂರಲು ಬೆಳಕಿರುವ ಜಾಗ ಸಿಕ್ಕಿದೆ, ನಿಜ. ಆದರೆ ಸೂಟ್‌ಕೇಸ್ ಇರುವವರಿಗೆ, ವಯಸ್ಸಾದವರಿಗೆ ಆ ನೂಕುನುಗ್ಗಲು ಬೇಡ.

ನ್ಯೂಯಾರ್ಕ್ ದಾಟಿ ಕನೆಕ್ಟಿಕಟ್ ಕಡೆ ಹೋಗುವವರು ಇನ್ನೊಂದು ನೆನಪಿಡಬೇಕು. ಎನ್‌ಜೆ ಟ್ರಾನ್ಸಿಟ್ ಪೆನ್ ಸ್ಟೇಷನ್ನಿಗೆ ಬರುತ್ತದೆ, ಅಲ್ಲಿಯ ನ್ಯೂ ಹೇವನ್ ಕಡೆಗೆ ಹೋಗುವ ಮೆಟ್ರೋ ನಾರ್ತ್ ಅನ್ನುವ ಲೋಕಲ್ ರೈಲು ಗ್ರ್ಯಾಂಡ್ ಸೆಂಟ್ರಲ್‌ನಿಂದ ಹೊರಡುತ್ತದೆ. ಎರಡೂ ಬೇರೆ ಬೇರೆ ನಿಲ್ದಾಣ. ನಡುವೆ ಸಬ್‌ವೇ ಹಿಡಿಯಬೇಕು ಅಥವಾ ಒಂದು ಮೈಲಿ ನಡೆಯಬೇಕು. ಕಾಗದದ ಮೇಲೆ "ನ್ಯೂಯಾರ್ಕ್‌ನಲ್ಲಿ ಬದಲಾವಣೆ" ಅಂತ ಒಂದೇ ಸಾಲಿರುತ್ತದೆ. ಕಾಲಿಗೆ ಅದು ಮುಕ್ಕಾಲು ಗಂಟೆ.

ತಡವಾಗುವುದಕ್ಕೂ ಕಾರಣಗಳಿವೆ. ಕಾರಣ ತಿಳಿದರೆ ಯಾವ ದಿನ ಹುಷಾರಾಗಿರಬೇಕು ಅಂತ ಮೊದಲೇ ಗೊತ್ತಾಗುತ್ತದೆ. ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ವರೆಗೆ ಹಳಿಯ ಮೇಲಿರುವ ವಿದ್ಯುತ್ ತಂತಿಯ ವ್ಯವಸ್ಥೆ 1930ರ ದಶಕದ್ದು. ಹೊಸ ವ್ಯವಸ್ಥೆಗಳಲ್ಲಿ ತಂತಿಯ ತುದಿಗೆ ಭಾರ ಕಟ್ಟಿರುತ್ತಾರೆ. ಬಿಸಿಲಿಗೆ ತಂತಿ ಉದ್ದವಾದರೆ ಆ ಭಾರ ಕೆಳಗಿಳಿದು ತಂತಿಯನ್ನು ಬಿಗಿಯಾಗಿಯೇ ಇಡುತ್ತದೆ. ಇಲ್ಲಿಯ ಹಳೇ ತಂತಿಗೆ ಬಹುಪಾಲು ಕಡೆ ಆ ಸೌಕರ್ಯ ಇಲ್ಲ. ಬಿಸಿಲು ಏರಿದರೆ ತಂತಿ ಜೋತುಬೀಳುತ್ತದೆ. ಆಗ ಗಾಡಿಗಳ ವೇಗ ಇಳಿಸುತ್ತಾರೆ. ಇಲ್ಲದಿದ್ದರೆ ಗಾಡಿಯ ತಲೆಯ ಮೇಲಿರುವ ಚೌಕಟ್ಟು ತಂತಿಗೆ ಸಿಕ್ಕಿಕೊಂಡು ಹರಿದುಹಾಕುವ ಅಪಾಯ. ಹಾಗಾಗಿ ಜುಲೈ, ಆಗಸ್ಟ್‌ನ ಸುಡುವ ಮಧ್ಯಾಹ್ನ ನಾನು ಕನೆಕ್ಷನ್ ಇರುವ ಪ್ರಯಾಣ ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಹೊರಡುತ್ತೇನೆ. ಬೆಳಿಗ್ಗೆ ಹೊರಡುವುದರಲ್ಲಿ ಇನ್ನೊಂದು ಲಾಭವೂ ಇದೆ. ಹಿಂದಿನ ಗಾಡಿಗಳ ತಡ ಮುಂದಿನ ಗಾಡಿಗಳಿಗೆ ಅಂಟುತ್ತಾ ಹೋಗುತ್ತದೆ ಅಲ್ವಾ, ಬೆಳಿಗ್ಗೆ ಅದು ಇನ್ನೂ ಶುರುವಾಗಿರುವುದಿಲ್ಲ.

ಗಾಡಿ ಎಲ್ಲಿಂದ ಹೊರಟು ಬರುತ್ತಿದೆ ಅಂತಲೂ ನೋಡುತ್ತೇನೆ. ಬಾಲ್ಟಿಮೋರ್‌ನಿಂದ ಉತ್ತರಕ್ಕೆ ಬರುವಾಗ ಎರಡು ಗಾಡಿ ಅರ್ಧ ಗಂಟೆಯ ಅಂತರದಲ್ಲಿ ಇವೆ ಅಂದುಕೊಳ್ಳಿ. ಒಂದು ವಾಷಿಂಗ್ಟನ್‌ನಲ್ಲೇ ಹೊರಟದ್ದು. ಇನ್ನೊಂದು ವರ್ಜೀನಿಯಾದ ನಾರ್ಫೋಕ್‌ನಿಂದಲೋ ರೋನೋಕ್‌ನಿಂದಲೋ ಬಂದದ್ದು. ವಾಷಿಂಗ್ಟನ್‌ನ ದಕ್ಷಿಣಕ್ಕೆ ಸರಕು ಗಾಡಿಗಳೂ ಅದೇ ಹಳಿಯಲ್ಲಿ ಓಡುತ್ತವೆ. ಅಲ್ಲಿ ವಿದ್ಯುತ್ ತಂತಿಯೂ ಇಲ್ಲ, ಆದ್ದರಿಂದ ವಾಷಿಂಗ್ಟನ್‌ನಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ವಿದ್ಯುತ್ ಎಂಜಿನ್ ಜೋಡಿಸುತ್ತಾರೆ. ತಡವಾಗಲು ಎಷ್ಟೊಂದು ಅವಕಾಶ! ಕನೆಕ್ಷನ್ ಬಿಗಿಯಾಗಿದ್ದರೆ ನಾನು ವಾಷಿಂಗ್ಟನ್‌ನಲ್ಲಿ ಹೊರಟದ್ದನ್ನೇ ಆರಿಸುತ್ತೇನೆ, ಎರಡು ಡಾಲರ್ ಜಾಸ್ತಿಯಾದರೂ ಸರಿ.

ಈಗ ಬಾಲ್ಟಿಮೋರ್ ದಾರಿ. ನನಗೆ ಇದರ ಬಗ್ಗೆ ಬರೆಯಲು ಬಹಳ ಇಷ್ಟ. ಯಾಕೆಂದರೆ ಇಲ್ಲೊಂದು ಸಣ್ಣ ಕಂದಕ ಇದೆ. ಫಿಲಡೆಲ್ಫಿಯಾದಿಂದ ದಕ್ಷಿಣಕ್ಕೆ ಸೆಪ್ಟಾ ಲೋಕಲ್ ಡೆಲವೇರ್‌ನ ನ್ಯೂಆರ್ಕ್‌ವರೆಗೆ ಹೋಗುತ್ತದೆ. ವಾಷಿಂಗ್ಟನ್‌ನಿಂದ ಉತ್ತರಕ್ಕೆ ಮಾರ್ಕ್ ಲೋಕಲ್ ಮೇರಿಲ್ಯಾಂಡ್‌ನ ಪೆರಿವಿಲ್‌ವರೆಗೆ ಬರುತ್ತದೆ. ನಡುವೆ ಸುಮಾರು 20 ಮೈಲಿ ಲೋಕಲ್ ರೈಲೇ ಇಲ್ಲ. ಹಳಿ ಇದೆ, ಆಮ್‌ಟ್ರ್ಯಾಕ್ ದಿನವಿಡೀ ಓಡುತ್ತದೆ, ಲೋಕಲ್ ಮಾತ್ರ ಇಲ್ಲ. ಮತ್ತೆ ಅದೇ ಕಾರಣ, ರಾಜ್ಯದ ಗಡಿ. ಆ 20 ಮೈಲಿಯನ್ನು ಬಸ್ಸೋ ಕ್ಯಾಬೋ ಹಿಡಿದು ದಾಟುವವರು ಇದ್ದಾರೆ. ನಾನೂ ಒಂದು ಸಲ ಹಾಗೆ ಮಾಡಿದೆ. ಇಡೀ ದಿನ ಹೋಯಿತು, ಕ್ಯಾಬಿಗೆ ಕೊಟ್ಟ ದುಡ್ಡು ಲೆಕ್ಕ ಹಾಕಿದರೆ ಏನೂ ಉಳಿದಿರಲಿಲ್ಲ.

ಆಮೇಲೆ ಬುದ್ಧಿ ಓಡಿತು. ಕಂದಕ ದಾಟಲು ಮಾತ್ರ ದೂರದ ರೈಲು ಹಿಡಿದರೆ? ಅಂದರೆ ಫಿಲಡೆಲ್ಫಿಯಾದಿಂದ ವಿಲ್ಮಿಂಗ್ಟನ್‌ವರೆಗೆ ಸೆಪ್ಟಾ, ವಿಲ್ಮಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಆಮ್‌ಟ್ರ್ಯಾಕ್. ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಆಮ್‌ಟ್ರ್ಯಾಕ್ ದರ ಮೈಲಿಯ ಲೆಕ್ಕದಲ್ಲಿ ಇಳಿಯುವುದಿಲ್ಲ. ಆ ಗಾಡಿಯಲ್ಲಿ ಎಷ್ಟು ಸೀಟು ಖಾಲಿ ಇವೆ, ಅಗ್ಗದ ದರದ ಸೀಟು ಉಳಿದಿವೆಯಾ ಅನ್ನುವುದರ ಮೇಲೆ ದರ ನಿಂತಿದೆ. ಹಲವು ಸಲ ಫಿಲಡೆಲ್ಫಿಯಾದಿಂದ ಬಾಲ್ಟಿಮೋರ್‌ಗೂ, ವಿಲ್ಮಿಂಗ್ಟನ್‌ನಿಂದ ಬಾಲ್ಟಿಮೋರ್‌ಗೂ ಎರಡು ಮೂರು ಡಾಲರ್ ಅಷ್ಟೇ ವ್ಯತ್ಯಾಸ ನೋಡಿದ್ದೇನೆ. ಆಗ ಸೆಪ್ಟಾ ಟಿಕೆಟ್ ಸೇರಿಸಿದರೆ ದುಬಾರಿಯೇ ಆಗುತ್ತದೆ, ಕನೆಕ್ಷನ್ ಚಿಂತೆ ಬೇರೆ. ಇನ್ನು ಕೆಲವು ಸಲ ವ್ಯತ್ಯಾಸ 20 ಡಾಲರಿಗೂ ಜಾಸ್ತಿ. ಆಗ ಲಾಭ. ಹಾಗಾಗಿ ಒಂದೇ ಗಾಡಿಗೆ ಮೂರು ಬೇರೆ ಬೇರೆ ನಿಲ್ದಾಣಗಳಿಂದ ದರ ನೋಡುತ್ತೇನೆ. ಐದು ನಿಮಿಷದ ಕೆಲಸ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ: ಉಳಿಯುವ ದುಡ್ಡು 15 ಡಾಲರಿಗಿಂತ ಕಡಿಮೆ ಇದ್ದರೆ ಗಾಡಿ ಬದಲಾಯಿಸಬೇಡ. ನಿಮ್ಮ ಅಂಕಿ ಬೇರೆ ಇರಬಹುದು. ಆದರೆ ಒಂದು ಅಂಕಿ ಇರಲಿ. ಇಲ್ಲದಿದ್ದರೆ ಐದು ಡಾಲರ್ ಉಳಿಸಲು ಮಧ್ಯಾಹ್ನವನ್ನೇ ಕಳೆದುಕೊಳ್ಳುತ್ತೇವೆ.

ಸಣ್ಣಪುಟ್ಟ ವಿಷಯಗಳು ಕೆಲವಿವೆ, ಬೇಗ ಹೇಳಿಬಿಡುತ್ತೇನೆ. ಎನ್‌ಜೆ ಟ್ರಾನ್ಸಿಟ್ ಟಿಕೆಟ್ ಹತ್ತುವ ಮೊದಲೇ ಕೊಳ್ಳಿ. ನಿಲ್ದಾಣದಲ್ಲಿ ಮೆಷಿನ್ ಇದ್ದೂ ಗಾಡಿಯೊಳಗೆ ಕೊಂಡರೆ 5 ಡಾಲರ್ ಜಾಸ್ತಿ ತೆಗೆದುಕೊಳ್ಳುತ್ತಾರೆ. ಟ್ರೆಂಟನ್‌ನಲ್ಲಿ ಇಳಿದು ಮೆಷಿನ್ ಮುಂದೆ ಸಾಲಿನಲ್ಲಿ ನಿಂತು ಗಾಡಿ ತಪ್ಪಿಸಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಸೆಪ್ಟಾದಲ್ಲಿ ಕೂತಿರುವಾಗಲೇ ಫೋನಿನಲ್ಲಿ ಮುಂದಿನ ಟಿಕೆಟ್ ಕೊಂಡಿಟ್ಟರೆ ಆಯಿತು. ಸಾರ್ವಜನಿಕ ರಜೆಯ ದಿನ ಸೋಮವಾರವೇ ಆದರೂ ಲೋಕಲ್‌ಗಳು ವಾರಾಂತ್ಯದ ಟೈಮ್‌ಟೇಬಲ್‌ನಲ್ಲಿ ಓಡುವುದುಂಟು. ದೂರದ ರೈಲಿನ ಟಿಕೆಟ್ ಎರಡು ತಿಂಗಳ ಮೊದಲೇ ಕೊಂಡಿರುತ್ತೀರಿ, ಅಷ್ಟರಲ್ಲಿ ಲೋಕಲ್ ಟೈಮ್‌ಟೇಬಲ್ ಬದಲಾಗಿರಬಹುದು. ಹೊರಡುವ ವಾರ ಇನ್ನೊಮ್ಮೆ ನೋಡಿ. ಹಳಿ ರಿಪೇರಿಯನ್ನು ಸಾಮಾನ್ಯವಾಗಿ ಶನಿವಾರ, ಭಾನುವಾರವೇ ಇಟ್ಟುಕೊಳ್ಳುತ್ತಾರೆ, ಅದನ್ನೂ ನೋಡಿ. ಹೊರಟ ದಿನ ಗಾಡಿ ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಸೌಕರ್ಯ ಆಮ್‌ಟ್ರ್ಯಾಕ್, ಸೆಪ್ಟಾ, ಎನ್‌ಜೆ ಟ್ರಾನ್ಸಿಟ್ ಮೂರರಲ್ಲೂ ಇದೆ. ಸೆಪ್ಟಾದ್ದಕ್ಕೆ ಟ್ರೇನ್‌ವ್ಯೂ ಅಂತಾರೆ, ಎನ್‌ಜೆ ಟ್ರಾನ್ಸಿಟ್‌ದಕ್ಕೆ ಡಿಪಾರ್ಚರ್‌ವಿಷನ್. ಮನೆ ಬಿಡುವ ಮೊದಲು ಎರಡನೇ ಗಾಡಿಯನ್ನು ನೋಡಿ. ಮೊದಲನೆಯದು ಹೇಗೂ ಕಣ್ಣೆದುರು ಬರುತ್ತದೆ.

ಹಾಗಾದರೆ ಅಮ್ಮನ ಪ್ರಯಾಣ.

ಫಿಲಡೆಲ್ಫಿಯಾದಿಂದ ನ್ಯೂ ಬ್ರನ್ಸ್‌ವಿಕ್‌ಗೆ ಯೋಚಿಸುವಂಥದ್ದೇನೂ ಇಲ್ಲ. ಸೆಪ್ಟಾದಲ್ಲಿ ಟ್ರೆಂಟನ್, ಅಲ್ಲಿಂದ ಎನ್‌ಜೆ ಟ್ರಾನ್ಸಿಟ್. ಎರಡೂ ಲೋಕಲ್, ಎರಡೂ ತಪ್ಪಿದರೂ ನಡೆಯುವ ಗಾಡಿಗಳು. ನಾನು ಒಬ್ಬಳೇ ಇದ್ದರೆ 12 ನಿಮಿಷದ ಕನೆಕ್ಷನ್ ಹಿಡಿಯುತ್ತಿದ್ದೆ. ಅಮ್ಮನ ಜೊತೆ ಬೇಡ. ಟ್ರೆಂಟನ್‌ನಲ್ಲಿ ಪ್ಲಾಟ್‌ಫಾರ್ಮ್‌ನಿಂದ ಲಿಫ್ಟ್‌ನಲ್ಲಿ ಮೇಲೆ ಹೋಗಿ, ಆಚೆ ದಾಟಿ, ಮತ್ತೆ ಕೆಳಗಿಳಿಯಬೇಕಾಗಬಹುದು. ಲಿಫ್ಟ್ ಕಾಯಬೇಕು, ಶೌಚಾಲಯಕ್ಕೆ ಹೋಗಬೇಕು, ಫ್ಲಾಸ್ಕಿನ ಕಾಫಿ ಕುಡಿಯಬೇಕು. ಮೊದಲ ಎನ್‌ಜೆ ಟ್ರಾನ್ಸಿಟ್ ಗಾಡಿಯನ್ನು ಬೇಕಂತಲೇ ಬಿಟ್ಟು ಎರಡನೆಯದನ್ನು ಹತ್ತುತ್ತೇವೆ. ಓಡಬೇಕಾಗಿಲ್ಲ ಅಂತ ಮೊದಲೇ ಗೊತ್ತಿದ್ದರೆ ಅಮ್ಮ ಕಿಟಕಿಯ ಹೊರಗೆ ನೋಡುತ್ತಾಳೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಗಡಿಯಾರ ನೋಡುತ್ತಾಳೆ. ಎನ್‌ಜೆ ಟ್ರಾನ್ಸಿಟ್‌ನಲ್ಲಿ 62 ದಾಟಿದವರಿಗೆ ರಿಯಾಯಿತಿ ಟಿಕೆಟ್ ಇದೆ. ಅಮ್ಮನಿಗೆ 67. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು ಅಂತ ಬರೆದುಕೊಂಡೆ.

ನ್ಯೂ ಬ್ರನ್ಸ್‌ವಿಕ್‌ನಿಂದ ಬಾಲ್ಟಿಮೋರ್‌ಗೆ ಹೋಗುವುದು ಯೋಚನೆಗೆ ಹಚ್ಚಿತು. ಇದು ಲೋಕಲ್ ಮೊದಲು, ದೂರದ ರೈಲು ಆಮೇಲೆ ಅನ್ನುವ ಜಾತಿಯ ಪ್ರಯಾಣ. ನನ್ನ ಡಿಸೆಂಬರಿನ ರಾತ್ರಿ ನೆನಪಾಯಿತು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಆಮ್‌ಟ್ರ್ಯಾಕ್ ನಿಲ್ಲುವುದು ಬಹಳ ಕಡಿಮೆ. ಲೋಕಲ್‌ನಲ್ಲಿ ಟ್ರೆಂಟನ್‌ಗೆ ಹೋಗಿ ಹತ್ತಬಹುದು. ಇಲ್ಲವೇ ಉತ್ತರಕ್ಕೆ ಮೂರು ನಿಲ್ದಾಣ ಹಿಂದೆ ಹೋಗಿ ಮೆಟ್ರೋಪಾರ್ಕ್‌ನಲ್ಲಿ ಹತ್ತಬಹುದು. ದೂರ ಹೋಗಬೇಕಾದವರು ವಿರುದ್ಧ ದಿಕ್ಕಿಗೆ ಹೋಗುವುದು ಮೊದಲು ವಿಚಿತ್ರ ಅನಿಸುತ್ತದೆ. ಆದರೆ ಮೆಟ್ರೋಪಾರ್ಕ್ ಅಕ್ಕನ ಮನೆಯಿಂದ ಕಾರಿನಲ್ಲಿ ಹತ್ತಿರ. ಭಾವ ಅಲ್ಲಿಗೆ ಬಿಟ್ಟರೆ ಲೋಕಲ್ ಅನ್ನುವುದೇ ಇಲ್ಲ, ತಪ್ಪುವ ಕನೆಕ್ಷನ್ನೂ ಇಲ್ಲ. ಕಾರನ್ನು ನೂರಾರು ಮೈಲಿ ಓಡಿಸುವ ಬದಲು ಅದನ್ನೇ ಒಂದು ಲೋಕಲ್ ಗಾಡಿಯ ಹಾಗೆ ಉಪಯೋಗಿಸಿದಂತಾಯಿತು.

ಆರು ವಾರ ಮೊದಲೇ ಕೊಳ್ಳುತ್ತಿರುವುದರಿಂದ ಬುಧವಾರ ಬೆಳಗಿನ ಗಾಡಿಗೆ ಅಗ್ಗದ ಸೀಟು ಇನ್ನೂ ಇದ್ದವು. 65 ದಾಟಿದವರಿಗೆ ಬಹುತೇಕ ಆಮ್‌ಟ್ರ್ಯಾಕ್ ಗಾಡಿಗಳಲ್ಲಿ ಶೇ. 10 ರಿಯಾಯಿತಿಯೂ ಇದೆ. ಬಾಲ್ಟಿಮೋರ್‌ನಲ್ಲಿ ಇಳಿದ ಮೇಲೆ ಅಣ್ಣನ ಮನೆಗೆ ಮಾರ್ಕ್‌ನಲ್ಲಿ ಎರಡು ನಿಲ್ದಾಣ. ಅದು ಸಿಕ್ಕರೂ ಸರಿ, ತಪ್ಪಿದರೂ ಸರಿ.

ಮಾರನೇ ದಿನ ಅಕ್ಕನಿಗೆ ಎಲ್ಲ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಟ್ರೆಂಟನ್‌ನಲ್ಲಿ ಮೊದಲ್ನೇ ಗಾಡಿ ಬಿಡ್ತೀರಿ ಅಲ್ವಾ? ಖಂಡಿತ ತಾನೇ?"

"ಖಂಡಿತ ಬಿಡ್ತೀವಿ ಅಕ್ಕ."

"ಸರಿ. ಹಾಗಾದ್ರೆ ಕರ್ಕೊಂಡು ಬಾ. ಭಾವನಿಗೆ ನಾನು ಹೇಳ್ತೀನಿ."

ನೋಟ್‌ಬುಕ್ಕಿನಲ್ಲಿ ಆ ದಿನದ ಪುಟಕ್ಕೆ ತಾರೀಖು ಹಾಕಿ, ಗಾಡಿಗಳ ಸಮಯ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಸೆಪ್ಟಾದಲ್ಲಿ ಎಡಗಡೆ ಕಿಟಕಿಯ ಸೀಟು ಹಿಡಿಯಬೇಕು. ಟ್ರೆಂಟನ್‌ಗೆ ಮುಂಚೆ ಡೆಲವೇರ್ ನದಿ ದಾಟುವಾಗ ಆ ಕಡೆಯ ಹಳೇ ಸೇತುವೆಯ ಮೇಲೆ "ಟ್ರೆಂಟನ್ ಮೇಕ್ಸ್, ದ ವರ್ಲ್ಡ್ ಟೇಕ್ಸ್" ಅಂತ ಆಳೆತ್ತರದ ಅಕ್ಷರಗಳು ಕಾಣುತ್ತವೆ. ಅಮ್ಮನಿಗೆ ಅದನ್ನು ತೋರಿಸಬೇಕು.